ಸಂಸೋನನ ಎರಡು ಕಂಬಗಳು

ಉಪ್ಪುನೀರಿಗೆ ಇಳಿದವನು ಷರಾಯಿ ಒಣಗಿಸಲೇಬೇಕು. ಗಾದೆ ಹೀಗಿಲ್ಲ ಎನ್ನುವವರು ತಿದ್ದಿಕೊಳ್ಳಲಿ. ಉಪ್ಪು ತಿಂದು ನೀರು ಕುಡಿಯುವ ಗಾದೆ ಕಟ್ಟಿದವರು ಕಡಲಿಗೆ ಬಹಳ ದೂರ ಕೂತು ಕಟ್ಟಿದರು, ನಮ್ಮ ಸ್ಕೆಲ್ಬಿಯ ದಂಡೆಯಲ್ಲಿ ಅದು ನಡೆಯುವುದಿಲ್ಲ. ವೇದ ಸುಳ್ಳಾದರೂ ಗಾದೆ ಸುಳ್ಳಾಗದಂತೆ, ಗಾದೆ ಸುಳ್ಳಾದರೂ ಫೋಟೋ ಸುಳ್ಳಾಗದು. ಈ ಕಥೆಯೊಳಗೆ ಒಂದು ಫೋಟೋ ಇರುವುದರಿಂದ ಇದು ಅಪ್ಪಟ ನಿಜ. ಎಲ್ಲಾದರೂ ಮಸುಕಾಗಿ ಕಂಡರೆ ಅದು ಫೋಟೋದೊಳಗಿದ್ದವನ ತಪ್ಪು, ಹೇಳುವವನದ್ದಲ್ಲ.

ಆಗಸ್ಟಿನ ಆ ಶನಿವಾರ ಬೆಳಿಗ್ಗೆ ಒಬಡೈಯ ಕ್ರೇಕ್ ಕಣ್ಣು ಬಿಟ್ಟಾಗ ಹೊದಿಕೆಯ ಆ ತುದಿಯಿಂದ ಅವನ ಎರಡು ಪಾದಗಳು ಹೊರಗೆ ಇಣುಕಿ ಅವನನ್ನೇ ನೋಡುತ್ತಿದ್ದವು. ಐವತ್ತೆಂಟು ವರ್ಷ ಒಂದೇ ಮೈಯಲ್ಲಿ ಬಾಳಿದ್ದರೂ ಅವುಗಳ ಜೊತೆ ಅವನ ಪರಿಚಯ ಅಷ್ಟಕ್ಕಷ್ಟೇ. ಬೆಳಿಗ್ಗೆ ಕರಿಯ ಉಣ್ಣೆಯ ಕಾಲುಚೀಲದೊಳಗೆ ತುರುಕಿದರೆ ದೀಪ ಆರಿದ ಮೇಲೇ ಬಿಡುಗಡೆ. ನಡುವೆ ಅವು ಎಲ್ಲಿರುತ್ತವೆ, ಏನು ಮಾಡುತ್ತವೆ ಎಂದು ಅವನು ಕೇಳಿದವನಲ್ಲ. ಈಗ ಮಂಗಳವಾರದಿಂದ ಈಚೆಗೆ ಅವು ತಮಗೊಂದು ಗುಟ್ಟು ಗೊತ್ತಿದೆ ಎಂಬಂತೆ ನಡೆದುಕೊಳ್ಳುತ್ತಿದ್ದವು. ಎಡಗಾಲಿನ ಕಿರುಬೆರಳಿಗೆ ಕಟ್ಟಿದ್ದ ಆಣಿಯ ಪಟ್ಟಿ ಸಡಿಲಾಗಿ, ಅದು ತನ್ನನ್ನು ಕಂಡು ಕಣ್ಣು ಹೊಡೆದಂತೆ ಅವನಿಗೆ ಅನ್ನಿಸಿತು. ಕ್ರೇಕ್ ಬಟ್ಟೆ ವ್ಯಾಪಾರಿ. ರೈಲಿನಲ್ಲಿ ಬಂದು ಸುರಿಯುವ ಗಿರಣಿಯ ಊರುಗಳ ಜನಕ್ಕೆ ಕುತ್ತಿಗೆಯಿಂದ ಮೊಣಕಾಲಿನವರೆಗೆ ಮುಚ್ಚುವ ಈಜುಡುಪು ಮಾರುವವನು. ಚಾಪೆಲ್ ಎಂಬ ಊರ ಪ್ರಾರ್ಥನಾಮಂದಿರದ ಹಿರಿಯ. ಅದಕ್ಕಿಂತ ಮಿಗಿಲಾಗಿ ದಂಡೆ ಸಮಿತಿಯ ಅಧ್ಯಕ್ಷ. ಹತ್ತು ವರ್ಷ ದಾಟಿದ ಯಾವ ಗಂಡಸೂ ಕಡಲಲ್ಲಿ ಕಾಲಾಡಿಸುವಾಗ ಕಾಲಗಂಟಿನಿಂದ ಮೇಲೆ ಬತ್ತಲೆ ಕಾಣಕೂಡದು ಎಂಬ ನಿಯಮವನ್ನು ತನ್ನ ಕೈಯಾರೆ ಬರೆದವನು. ಸೋಮವಾರ ಇನ್ನೊಂದು ನಿಯಮ ಮತಕ್ಕೆ ಬರುವುದಿತ್ತು: ದಂಡೆಯಲ್ಲಿ ಫೋಟೋ ತೆಗೆಯುವವರು ನೆಟ್ಟಗೆ ನಿಂತ, ಪೂರ್ತಿ ಬಟ್ಟೆ ತೊಟ್ಟ, ಕೇಳಿ ತೆಗೆಸಿಕೊಂಡವರ ಫೋಟೋ ಮಾತ್ರ ತೆಗೆಯಬೇಕು; ಕ್ಯಾಮೆರಾ ಬಚ್ಚಿಟ್ಟುಕೊಂಡು ಓಡಾಡುವವರ ಅಂಗಡಿ ದಂಡೆಯಿಂದ ಎತ್ತಂಗಡಿ. ಸ್ಕೆಲ್ಬಿಯಲ್ಲಿ ಹಾಗೆ ಓಡಾಡುವವಳು ಒಬ್ಬಳೇ, ವಿಧವೆ ತಿರ್ಜಾ ಮನ್ನಿಂಗ್ಸ್. ನಿಯಮದಲ್ಲಿ ಹೆಸರು ಬರೆಯುವ ಅಗತ್ಯ ಕಂಡಿರಲಿಲ್ಲ.

ಮಂಗಳವಾರದವರೆಗೆ ಎಲ್ಲ ನೆಟ್ಟಗಿತ್ತು. ಕೆಟ್ಟದ್ದು ಪ್ರಿಂಗಲ್‌ನಿಂದ. ಧಾನ್ಯದ ವ್ಯಾಪಾರಿ ಪ್ರಿಂಗಲ್, ಯಾವ ಕೋಣೆಗೆ ಬಂದರೂ ಹೊಟ್ಟೆಯನ್ನು ಮೊದಲು ಒಳಗೆ ಕಳಿಸಿ ಹಿಂದಿನಿಂದ ತಾನು ಬರುವ ಮನುಷ್ಯ, ಸಮಿತಿಯಲ್ಲಿ ಎದ್ದು, "ಅಲ್ಲ ಕ್ರೇಕ್, ಕಾಲಗಂಟು ಅಂತೀಯ, ಅಲೆ ಬಂದಾಗ ಒಂದು ಕಡೆ ಇರುತ್ತೆ, ಹೋದಾಗ ಇನ್ನೊಂದು ಕಡೆ ಇರುತ್ತಲ್ಲಪ್ಪ" ಎಂದು ಕೇಳಿ ಎಲ್ಲರನ್ನೂ ನಗಿಸಿದ್ದ. ನಗೆಗೆ ಉತ್ತರ ಅಳತೆಯಲ್ಲಿದೆ ಎಂದು ನಂಬಿದವನು ಕ್ರೇಕ್. ಮಂಗಳವಾರ ಬೆಳಗಿನ ಐದೂವರೆಗೆ ಉತ್ತರದ ಅಲೆತಡೆಯ ಆಚೆ, ಕಾಗೆಯೂ ಹಾರದ ಕಡೆ ಹೋಗಿ, ಬೂಟು ಬಿಚ್ಚಿ, ಷರಾಯಿ ಮಡಚಿ, ಬಟ್ಟೆಗೆ ಗುರುತು ಹಾಕುವ ಅಂಗಡಿಯ ನೀಲಿ ಮೇಣದ ಸೀಮೆಸುಣ್ಣದಿಂದ ತನ್ನ ಕಾಲುಗಳ ಮೇಲೆ ಮೂರು ಮೂರು ಗೆರೆ ಎಳೆದ: ಗಂಟು, ಮೀನಖಂಡ, ಮೊಣಕಾಲಿನ ಕೆಳಗೆ. ಆಮೇಲೆ ನೀರಿಗಿಳಿದು, ಸಾಧಾರಣ ನಡತೆಯ ಅಲೆ ಯಾವ ಗೆರೆಗೆ ಮುಟ್ಟುತ್ತದೆ ಎಂದು ನೋಡುತ್ತ ನಿಂತ. ಮೊದಲ ಅಲೆ ಸಾಧಾರಣ ನಡತೆಯದ್ದು. ಎರಡನೆಯದೂ ಹಾಗೆಯೇ. ಮೂರನೆಯದು ಯಾವ ಸಮಿತಿಗೂ ಸೇರಿದ್ದಲ್ಲ. ಅದು ಮೊಣಕಾಲಿನ ಹಿಂದೆ ಹೊಡೆದು ಅವನನ್ನು ಕೂರಿಸಿತು. ಕೂರಿಸಿದ್ದು ಸಾಲದೆಂದು ಅಂಗಾತ ಮಲಗಿಸಿತು. ಟೋಪಿ ತನ್ನ ದಾರಿ ಹಿಡಿಯಿತು. ಎರಡು ಕಾಲುಗಳು, ನಾಲ್ಕು ದಶಕದ ಸೆರೆ ತಪ್ಪಿದವರಂತೆ, ನೇರ ಆಕಾಶಕ್ಕೆ ಎದ್ದು ನಿಂತವು. ಅಷ್ಟೇ ಆಗಿದ್ದರೆ ಕ್ರೇಕ್ ತನ್ನನ್ನು ತಾನೇ ಕ್ಷಮಿಸಿಬಿಡುತ್ತಿದ್ದ. ಬಿದ್ದವರು ಯಾರಿಲ್ಲ? ಆದರೆ ಬಿದ್ದಲ್ಲಿಂದ ಒಂದು ಸದ್ದು ಎದ್ದಿತು, ದಂಡೆಯ ಬಾಡಿಗೆ ಕತ್ತೆ ಅರಚಿದಂತೆ, ಹೂ-ಹೂ ಎಂದು. ಕತ್ತೆ ಇಷ್ಟು ಬೆಳಿಗ್ಗೆ ಇಲ್ಲೇಕೆ ಬಂತು ಎಂದು ಅವನು ಒಂದು ಗಳಿಗೆ ನಿಜಕ್ಕೂ ಯೋಚಿಸಿದ. ಅದು ಅವನ ನಗು. ಹದಿನೇಳು ವರ್ಷ ಬಳಸದೆ ತುಕ್ಕು ಹಿಡಿದದ್ದು. ನಗು ಇನ್ನೂ ಹೊಟ್ಟೆಯಲ್ಲಿ ಕುದಿಯುತ್ತಿರುವಾಗಲೇ ಟಕ್ ಎಂಬ ಸದ್ದಾಯಿತು. ಅಲೆತಡೆಯ ಮೇಲೆ ತಿರ್ಜಾ ಮನ್ನಿಂಗ್ಸ್ ಕೂತಿದ್ದಳು, ಕಂಕುಳಲ್ಲಿ ಕಂದು ಕಾಗದದ ಪೊಟ್ಟಣ, ಹೊಗೆಮೀನು ಕೊಂಡು ಮನೆಗೆ ಹೊರಟವಳಂತೆ. ಆ ಪೊಟ್ಟಣಕ್ಕೆ ಒಂದು ಕಣ್ಣಿತ್ತು.

"ಮಂಗಳವಾರದ ಷರಾಯಿ ಇನ್ನೂ ಒಣಗಿಲ್ಲ ಯಜಮಾನ್ರೇ" ಎಂದಳು ಹೆಪ್ಸಿ, ಶನಿವಾರದ ತಿಂಡಿಯ ಹೊತ್ತಿಗೆ. ಅವನ ಮನೆಯ ಅಡುಗೆ, ಕಸ, ಕೆಮ್ಮು ಎಲ್ಲವನ್ನೂ ನೋಡಿಕೊಳ್ಳುತ್ತಿದ್ದ ಮುದುಕಿ ಮೀನಿನ ತಟ್ಟೆಯನ್ನು ಅವನ ಮುಂದೆ ಕುಕ್ಕಿದಳು. "ಮೂರು ಸಲ ಒಗೆದೆ, ಮೂರು ಸಲಾನೂ ಬಿಳಿ ಬಿಳಿ ಉಪ್ಪು ಎದ್ದು ಬರುತ್ತೆ. ಒದ್ದೆ ಆಗೋದು ಬಿಡಿ, ನಿಮ್ಮ ವಯಸ್ಸಲ್ಲಿ ಆಗೋದೇ, ನಮ್ಮಪ್ಪನಿಗೂ ಆಗ್ತಿತ್ತು. ಆದ್ರೆ ಇಷ್ಟೊಂದು ಉಪ್ಪು ಎಲ್ಲಿಂದ ಬರುತ್ತೆ ಅಂತ?"

"ಬೆವರು" ಎಂದ ಕ್ರೇಕ್.

"ಷರಾಯಿ ಜೇಬಲ್ಲಿ ಒಂದು ಸಿಗಡಿ ಸಿಕ್ತು. ಅದೂ ಬೆವರಿಗೇ ಬಂದಿದ್ದಾ?"

ಅವನು ಮೀನಿನ ಮುಳ್ಳು ಬಿಡಿಸುವುದರಲ್ಲಿ ಮುಳುಗಿದ. ಇವಳಿಗೆ ಗೊತ್ತಿದೆಯೇ? ಗೊತ್ತಿದ್ದರೆ ಹಾಲಿನವನಿಗೆ ಗೊತ್ತು, ಅವನಿಗೆ ಗೊತ್ತಿದ್ದರೆ ಪ್ರಿಂಗಲ್‌ನ ಹೆಂಡತಿಗೆ ಗೊತ್ತು, ಅವಳಿಗೆ ಗೊತ್ತಿದ್ದ ಮೇಲೆ ದೇವರಿಗೆ ಹೇಳುವ ಕಷ್ಟವಿಲ್ಲ. ಇಲ್ಲ, ಗೊತ್ತಿಲ್ಲ, ಗೊತ್ತಿದ್ದರೆ ಇವಳು ಇಷ್ಟು ಮರ್ಯಾದೆಯಾಗಿ ಮಾತಾಡುತ್ತಿರಲಿಲ್ಲ. ಒಂದೇ ಒಂದು ಗಾಜು, ಕ್ಯಾಮೆರಾದೊಳಗೆ ಚಿತ್ರ ಮೂಡುವ ಗಾಜು. ಅಂಗೈ ಅಗಲದ ಗಾಜಿನ ಚೂರಿನಲ್ಲಿ ಅವನ ಅಂಗಡಿಯ ಫಲಕ, ಚಾಪೆಲಿನ ಮುಂದಿನ ಸಾಲಿನ ಕುರ್ಚಿ, ಸಮಿತಿಯ ಮೇಜು ಕುಟ್ಟುವ ಸುತ್ತಿಗೆ ಎಲ್ಲವೂ ತಲೆಕೆಳಗಾಗಿ ಕೂತಿದ್ದವು. ಅದನ್ನು ಊರು ನೋಡಿದ ದಿನ ಅವನು ಯಾರಿಗೂ ಒಂದು ಗಜ ಕರಿಬಟ್ಟೆಯನ್ನೂ ಗಂಭೀರವಾಗಿ ಕತ್ತರಿಸಿ ಕೊಡಲಾರ. ಸಾವಿನ ಮನೆಯವರು ಅವನನ್ನು ಕಂಡರೆ ತುಟಿ ಕಚ್ಚಿಕೊಳ್ಳುತ್ತಾರೆ.

ದಂಡೆಯಲ್ಲಿ ಹತ್ತು ಗಂಟೆಗೇ ಜನ. ಕರಿಯ ರೇಷ್ಮೆ ತೊಟ್ಟ ಹೆಂಗಸರು ಬಾಡಿಗೆ ಕುರ್ಚಿಗಳಲ್ಲಿ ಕಡಲಿಗೆ ಬೆನ್ನು ತಿರುಗಿಸಿ ಕೂತು ಉಣ್ಣೆ ಹೆಣೆಯುತ್ತಿದ್ದರು, ಕಡಲು ಏನೋ ಆಡಬಾರದ್ದು ಆಡಿದ ಅಳಿಯನೆಂಬಂತೆ. ಒಳಗೇ ಬಟ್ಟೆ ಬದಲಿಸಿ ಯಾರಿಗೂ ಕಾಣದಂತೆ ಕಡಲಿಗಿಳಿಯಲೆಂದು ಮಾಡಿದ ಸ್ನಾನದ ಗಾಡಿಗಳು ಗಾಲಿಗಳ ಮೇಲೆ ನೀರಿಗಿಳಿದು, ತಮ್ಮ ಹೊಟ್ಟೆಯಿಂದ ಒಬ್ಬೊಬ್ಬರನ್ನೇ ಕಿರುಚಿಸುತ್ತ ಹೆರುತ್ತಿದ್ದವು. ಕ್ರೇಕ್ ಕೊಡೆಯೂರಿಕೊಂಡು, ಯಾವ ಆತುರವೂ ಇಲ್ಲದವನಂತೆ ತಿರ್ಜಾಳ ಅಂಗಡಿಯತ್ತ ನಡೆದ. ಆತುರವಿಲ್ಲ ಎಂದು ತೋರಿಸಲು ಎಷ್ಟು ಶ್ರಮಪಟ್ಟನೆಂದರೆ ಎರಡು ಸಲ ಮುಗ್ಗರಿಸಿದ. ಅಂಗಡಿ ಎಂದರೆ ಗಾಲಿಗಳ ಮೇಲಿನ ಗೂಡು, ಎದುರಿಗೊಂದು ಹಲಗೆ. ಹಲಗೆಯ ತುಂಬ ನಿನ್ನೆ ಮೊನ್ನೆ ದಂಡೆಗೆ ಬಂದವರ ಮುಖಗಳು, ಬಂದು ಗುರುತಿಸಿ ಒಯ್ಯಲೆಂದು ಮೊಳೆಗೆ ನೇತುಹಾಕಿದ್ದವು. ಷರಾಯಿ ಮಡಚಿ ನೀರಿನಂಚಿನಲ್ಲಿ ನಿಂತ ಗಿರಣಿಯ ಮೇಸ್ತ್ರಿ, ಕಾಲು ಕೊಯ್ಯಲು ಬರುವ ಡಾಕ್ಟರನ್ನು ಕಾಯುವವನ ಹಾಗೆ. ಒಂದೇ ಬೆಂಚಿನ ಮೇಲೆ ಮೂವರು ಚಿಕ್ಕಮ್ಮಂದಿರು, ನ್ಯಾಯತೀರ್ಪಿನ ದಿನಕ್ಕೆ ಕಾದಿರುವಂತೆ ಕೂತು, ಮಡಿಲಲ್ಲಿ ಸಿಗಡಿಯ ಪೊಟ್ಟಣ. ಕತ್ತೆಯ ಮೇಲೊಬ್ಬ ಪಾದ್ರಿ. ಇಬ್ಬರ ಮುಖದಲ್ಲೂ ಒಂದೇ ಭಾವ. ಯಾರೂ ನಗುತ್ತಿಲ್ಲ. ಸಂತೋಷಪಡಲು ಮೂವತ್ತು ಮೈಲಿ ರೈಲಿನಲ್ಲಿ ಬಂದವರು ಕ್ಯಾಮೆರಾದ ಮುಂದೆ ಹೆಣ ಕಾಯುವವರಾಗುತ್ತಾರೆ. ಮೊದಲ ಸಲ ಕ್ರೇಕ್‌ಗೆ ಇದು ವಿಚಿತ್ರವೆನ್ನಿಸಿತು, ಆಮೇಲೆ ನೆಮ್ಮದಿಯೆನ್ನಿಸಿತು. ಸಾಲು ಸಾಲಾಗಿ ನೋಡಿದ. ತಾನಿಲ್ಲ. ಇಲ್ಲದ್ದಕ್ಕೆ ಎದೆಯಲ್ಲೊಂದು ಸಣ್ಣ ನಿರಾಸೆಯೂ ಆದದ್ದು ಅವನಿಗೇ ಅಸಹ್ಯವಾಯಿತು.

"ಯಾರನ್ನ ಹುಡುಕ್ತಿದೀರಿ ಯಜಮಾನ್ರೇ? ಕಳೆದುಹೋದೋರನ್ನಾ?" ತಿರ್ಜಾ ಗೂಡಿನಿಂದ ತಲೆ ಹೊರಗೆ ಹಾಕಿದಳು. ಬೆರಳುಗಳು ಫೋಟೋ ತೊಳೆಯುವ ಔಷಧದಿಂದ ಕಪ್ಪಾಗಿದ್ದವು, ಬಾಯಲ್ಲಿ ಎರಡು ಮೊಳೆ.

"ದಂಡೆಯ ಶಿಸ್ತು ನೋಡ್ತಿದೀನಿ."

"ಓ." ಅವಳು ಮೊಳೆಗಳನ್ನು ತೆಗೆದು, ಎದೆಯುಬ್ಬಿಸಿ, ಗದ್ದವನ್ನು ಕೊರಳಪಟ್ಟಿಗೆ ಒತ್ತಿ, ಮೂಗಿನಿಂದ ಹೊರಟ ಅವನದೇ ಧ್ವನಿಯಲ್ಲಿ, "'ಸೋ-ದರ ಸೋ-ದರಿಯರೇ, ಬತ್ತಲೆ ಮೊಣಕಾಲೇ ಪತನದ ಮೊದಲ ಮೆಟ್ಟಿಲು!' ಸರಿಯಾಗಿ ಬಂತಾ?" ಎಂದಳು. ಎಷ್ಟು ಸರಿಯಾಗಿ ಬಂದಿತೆಂದರೆ ಪಕ್ಕದ ಗುಂಪಿನ ಮುದುಕನೊಬ್ಬ ಟೋಪಿ ತೆಗೆದ.

"ತಿರ್ಜಾ, ಆ ಗಾಜು."

"ಯಾವ ಗಾಜು?"

"ಮಂಗಳವಾರದ್ದು. ನನ್ನ ಕೈಗೆ ಕೊಡು, ಒಡೆದು ಹಾಕ್ತೀನಿ."

"ನಿಮ್ಮ ಕೈಗೆ ಯಾಕೆ ಕೊಡ್ಲಿ? ಆವತ್ತು ಒಂದು ಗಾಜು ಕೊಡೋದಕ್ಕೆ ಬಂದೆ, ಬೇಡ ಅಂದ್ರಿ."

ಬೇಡ ಎಂದಿದ್ದ. ಹತ್ತೊಂಬತ್ತು ವರ್ಷದ ಹಿಂದೆ ತಿರ್ಜಾಳ ಗಂಡ ಬದುಕಿದ್ದಾಗ, ಹೈಸ್ಟ್ರೀಟಿನ ಮಹಡಿಯ ಮೇಲೆ ಗಾಜಿನ ಛಾವಣಿಯ ಸ್ಟುಡಿಯೋ ಇದ್ದಾಗ, ಮದುವೆಯಾದ ವಾರ ಕ್ರೇಕ್ ತನ್ನ ಡೋರ್ಕಸಳನ್ನು ಅಲ್ಲಿಗೆ ಕರೆದೊಯ್ದಿದ್ದ. ಪರದೆಯ ಮೇಲೆ ಬಣ್ಣದ ಕಡಲು, ಕಾಗದದ ಬಂಡೆ, ಬಂಡೆಯ ಮೇಲೆ ಹೊಟ್ಟು ತುಂಬಿದ ಒಂದು ಕಡಲಹಕ್ಕಿ, ಅದರ ಒಂದು ಕಣ್ಣು ಉದುರಿತ್ತು. ತಲೆ ಅಲುಗದಂತೆ ಇಬ್ಬರ ಕತ್ತಿನ ಹಿಂದೆಯೂ ಕಬ್ಬಿಣದ ಚಿಮಟ. "ಉಸಿರು ಹಿಡೀರಿ. ಅಲುಗಬೇಡಿ. ಆರು ಎಣಿಸ್ತೀನಿ" ಎಂದಳು ಆಗ ಹುಡುಗಿಯಂತಿದ್ದ ತಿರ್ಜಾ. ಒಂದು, ಎರಡು. ಮೂರಕ್ಕೆ ಡೋರ್ಕಸ್ ನಕ್ಕಳು. "ಒಬಡೈಯ, ನಿಜವಾದ ಕಡಲು ಕಿಟಕಿಯಿಂದ ಕಾಣಿಸ್ತಿದೆ ಕಣೋ" ಎಂದು, ಮೈಯೆಲ್ಲ ಕುಲುಕಿ, ಚಿಮಟದಿಂದ ತಲೆ ಕಳಚಿಕೊಂಡು. ಅವನಿಗೆ ಅವಳು ತನ್ನನ್ನೇ ನೋಡಿ ನಕ್ಕಂತಾಯಿತು, ಕೂದಲಿಗೆ ಎಣ್ಣೆ ಹಚ್ಚಿ ಕಬ್ಬಿಣ ಕಚ್ಚಿಸಿಕೊಂಡು ಮೀಸೆಯ ಹಿಂದೆ ದೊಡ್ಡ ಮನುಷ್ಯನಂತೆ ನಿಂತಿದ್ದ ತನ್ನನ್ನು. ಗಾಜು ತೊಳೆದು ತಂದಾಗ ಅವನು ಕಡೆದಿಟ್ಟಂತೆ ಬಂದಿದ್ದ, ಹಕ್ಕಿಯೂ ಕಡೆದಿಟ್ಟಂತೆ ಬಂದಿತ್ತು. ಅವಳ ಮುಖದ ಜಾಗದಲ್ಲಿ ಒಂದು ಬಿಳಿಯ ಮಬ್ಬು, ಮಬ್ಬಿನ ನಡುವೆ ಬಾಯಿಯಿರಬೇಕಾದ ಕಡೆ ಒಂದು ಕಪ್ಪು ಗುಳಿ. "ಆರು ಎಣಿಸೋವರೆಗೆ ಒಂದು ಮುಖ ನೆಟ್ಟಗೆ ಇಟ್ಕೊಳ್ಳಕ್ಕೆ ಬರಲ್ವಾ ನಿನಗೆ?" ಎಂದಿದ್ದ, ತಿರ್ಜಾಳ ಎದುರಿಗೇ. ಗಾಜು ಬೇಡ, ಇನ್ನೊಮ್ಮೆ ಬರುತ್ತೇವೆ ಎಂದಿದ್ದ. ಇನ್ನೊಮ್ಮೆ ಎಂಬುದು ಎರಡು ವರ್ಷ ಮುಂದೆ ಹೋಗುತ್ತ ಹೋಗುತ್ತ ಒಂದು ಜ್ವರದಲ್ಲಿ ಡೋರ್ಕಸಳೊಂದಿಗೇ ಮುಗಿಯಿತು. ಮನೆಯ ಗೋಡೆಯ ಮೇಲೆ ಈಗ ಅವನ ಅಪ್ಪನಿದ್ದಾನೆ, ರಾಣಿಯಿದ್ದಾಳೆ, ಬಹುಮಾನ ಗೆದ್ದ ಯಾರದೋ ಹಂದಿಯಿದೆ. ಡೋರ್ಕಸ್ ಇಲ್ಲ.

"ಅದು ಈಗಲೂ ಇದೆಯಾ?" ಎಂಬ ಮಾತು ಬಾಯಿಂದ ಹೊರಟ ಮೇಲೇ, ಇದನ್ನು ಕೇಳಲಾಗದೆಯೇ ಹತ್ತೊಂಬತ್ತು ವರ್ಷ ಈ ಅಂಗಡಿಯ ಮುಂದೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದೆನಲ್ಲ ಎಂದು ಅವನಿಗೆ ಹೊಳೆದದ್ದು.

ತಿರ್ಜಾ ಕೈಯಲ್ಲಿದ್ದ ಮೊಳೆಗಳನ್ನು ಒಮ್ಮೆ ತಿರುಗಿಸಿ ನೋಡಿದಳು. "ಯಾರೂ ಒಯ್ಯದ ಗಾಜನ್ನ ಇಟ್ಕೊಂಡು ಏನು ಮಾಡ್ತೀವಿ ಯಜಮಾನ್ರೇ? ತೋಟದೋರಿಗೆ ಮಾರ್ತೀವಿ. ಸೌತೆ ಪಾತಿಗೆ ಚಳಿ ತಾಗದ ಹಾಗೆ ಮುಚ್ಚಳ ಮಾಡ್ತಾರೆ. ನಿಮ್ಮದು ಆ ವರ್ಷದ ರಾಶಿಯಲ್ಲೇ ಹೋಯ್ತು. ಒಂದೆರಡು ಬೇಸಿಗೆ ಮುಖ ಕಾಣಿಸುತ್ತೆ, ಆಮೇಲೆ ಬಿಸಿಲು ತಿಂದುಬಿಡುತ್ತೆ." ಹಲಗೆಯ ಮೇಲೆ ಓರೆಯಾಗಿದ್ದ ಒಂದು ಮುಖವನ್ನು ನೆಟ್ಟಗೆ ಮಾಡಿ, "ಒಳ್ಳೆ ಸೌತೆಕಾಯಿ ಆಗಿರ್ಬೇಕು ಬಿಡಿ. ಅಷ್ಟು ನಗೋ ಮುಖದ ಕೆಳಗೆ" ಎಂದಳು.

ಯಾವ ತೋಟ ಎಂದು ಅವನು ಕೇಳಲಿಲ್ಲ. ಆ ವರ್ಷಗಳಲ್ಲಿ ಸ್ಕೆಲ್ಬಿಯ ಸೌತೆಕಾಯಿಯನ್ನು ತೆಳ್ಳಗೆ ಹೆಚ್ಚಿ ಬ್ರೆಡ್ಡಿನ ನಡುವೆ ಇಟ್ಟು ಚಾಪೆಲಿನ ಎಷ್ಟು ಚಹಾಕೂಟಗಳಲ್ಲಿ ತಿಂದಿದ್ದಾನೆ! ಅವಳ ನೆರಳಿನಲ್ಲಿ ಬೆಳೆದದ್ದನ್ನು. ತಿಂದು, ಉಪ್ಪು ಸಾಲದು ಎಂದಿದ್ದಾನೆ.

"ನನ್ನ ಗಾಜು ಕೊಡು" ಎಂದ, ಕೈ ಚಾಚಿ. "ಕೊಟ್ಟರೆ ಸೋಮವಾರದ ವಿಷಯ ನೋಡೋಣ."

"ನೋಡೋದೇನು ಬಂತು? ನನ್ನನ್ನ ದಂಡೆಯಿಂದ ಎತ್ತಿದರೆ ನಾನೂ ಸೌತೆ ಪಾತಿಗೇ ಹೋಗೋದು. ಹೋಗ್ತೀನಿ ಬಿಡಿ. ಆದ್ರೆ ಬೆದರಿಸಿ ಕೆಲಸ ಉಳಿಸ್ಕೊಂಡೋಳು ಅನ್ನಿಸ್ಕೊಳ್ಳಲ್ಲ." ಅವಳು ಮತ್ತೆ ಮೊಳೆಗಳನ್ನು ತುಟಿಗಿಟ್ಟುಕೊಂಡು, ಅವುಗಳ ನಡುವಿನಿಂದಲೇ, "ಮೂರು ಗಂಟೆಗೆ ಬರ್ತೀರಲ್ಲ ಚಾಪೆಲಿಗೆ? ಪವಿತ್ರ ಭೂಮಿ ತೋರಿಸ್ತೀನಿ" ಎಂದಳು.

ಆ ಮಧ್ಯಾಹ್ನ ಚಾಪೆಲಿನ ಶಾಲೆಯ ಕೋಣೆಯಲ್ಲಿ ಉಪದೇಶಿ ಲೆಮ್ಯುಯೆಲ್ ಪಾಸ್ಕ್ ಅವರಿಂದ ಪವಿತ್ರ ಭೂಮಿಯ ದೀಪಚಿತ್ರಗಳ ಉಪನ್ಯಾಸವಿತ್ತು, ಬೈಬಲಿನ ನಾಡನ್ನು ಗಾಜಿನಿಂದ ತೆರೆಯ ಮೇಲೆ ದೊಡ್ಡದಾಗಿ ಬೀಳಿಸಿ ತೋರಿಸುವುದು. ಬೆಳಕಿನ ಪೆಟ್ಟಿಗೆಯನ್ನು ಸುಡದೆ, ಸಿಡಿಸದೆ ನಡೆಸಲು ಬರುತ್ತಿದ್ದದ್ದು ಊರಿಗೆಲ್ಲ ತಿರ್ಜಾಳಿಗೆ ಮಾತ್ರ. ಕ್ರೇಕ್‌ಗೆ ಈಗ ಅರ್ಥವಾಯಿತು, ಮಂಗಳವಾರದ ಗಾಜು ಬರುವುದು ಆ ತೆರೆಯ ಮೇಲೆ; ಅರ್ಥವಾದದ್ದರಿಂದ ಊಟ ಇಳಿಯಲಿಲ್ಲ. ಎರಡು ಗಂಟೆಗೇ ಹೋಗಿ, ಅಧ್ಯಕ್ಷನ ಅಧಿಕಾರದಿಂದ, ಗಾಜುಗಳನ್ನು ಪರೀಕ್ಷಿಸಬೇಕು ಎಂದ. "ಪರೀಕ್ಷಿಸಿ" ಎಂದು ಅವಳು ಮರದ ಪೆಟ್ಟಿಗೆ ಮುಂದಿಟ್ಟಳು. ಅವನು ಒಂದೊಂದನ್ನೇ ಎತ್ತಿ ಕಿಟಕಿಗೆ ಹಿಡಿದು ನೋಡಿದ: ಒಂಟೆ, ಬಾವಿ, ಒಂಟೆ, ಮುರಿದ ಗೋಡೆ, ಬಾವಿಯ ಬಳಿ ಒಂಟೆ. ಪಟ್ಟಿಯಲ್ಲಿ ನಲವತ್ತು ಹೆಸರು, ಪೆಟ್ಟಿಗೆಯಲ್ಲಿ ನಲವತ್ತು ಗಾಜು. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಅವನ ಬೆವರು ಆರಿತು. ಅವಳ ಏಪ್ರನ್ನಿಗೆ ಜೇಬೊಂದಿತ್ತು, ಅದು ಚೌಕಾಕಾರದಲ್ಲಿ ಉಬ್ಬಿತ್ತು. ಆದರೆ ಕಾಲಗಂಟಿನ ನಿಯಮ ಬರೆದವನು ವಿಧವೆಯ ಏಪ್ರನ್ ಜೇಬಿಗೆ ಕೈ ಹಾಕುವುದು ಹೇಗೆ? ಹೊಗೆಮೀನಿರಬೇಕು ಎಂದು ತನಗೆ ತಾನೇ ಹೇಳಿಕೊಂಡು ಮುಂದಿನ ಸಾಲಿನ ತನ್ನ ಕುರ್ಚಿಯಲ್ಲಿ ಕೂತ.

ಕಿಟಕಿಗಳಿಗೆ ಅವನದೇ ಅಂಗಡಿಯ ಕರಿಬಟ್ಟೆ ಇಳಿಬಿಟ್ಟರು. ಪಾಸ್ಕ್ ಎದ್ದು ನಿಂತರು. ಮೂವತ್ತು ವರ್ಷ ಪರದೇಶದ ಬಿಸಿಲಲ್ಲಿ ಕಣ್ಣು ಮಂಜಾಗಿದ್ದ ಮನುಷ್ಯ, ಕೈಯಲ್ಲಿ ಉದ್ದನೆಯ ಕೋಲು, ಇನ್ನೊಂದರಲ್ಲಿ ದೊಡ್ಡಕ್ಷರದಲ್ಲಿ ಬರೆದ ಪಟ್ಟಿ; ಪಟ್ಟಿಯನ್ನು ಮೂಗಿಗೆ ತಾಗಿಸಿ ಓದಿ, ಕೋಲನ್ನು ತೆರೆಗೆ ತಾಗಿಸಿ ವರ್ಣಿಸುತ್ತಿದ್ದರು, ತೆರೆಯ ಮೇಲೇನಿದೆ ಎಂಬ ಗೊಡವೆ ಇಲ್ಲದೆ. ಒಂಟೆಗಳು ಬಂದು ಹೋದವು. ಬಾವಿಗಳು ಬಂದು ಹೋದವು. ಪ್ರಿಂಗಲ್ ಹಿಂದಿನ ಸಾಲಿನಲ್ಲಿ ಗೊರಕೆಯ ಸನ್ನಾಹದಲ್ಲಿದ್ದ. ಇಪ್ಪತ್ತಾರು ಗಾಜುಗಳಾಗುವ ಹೊತ್ತಿಗೆ ಕ್ರೇಕ್‌ನ ಭುಜಗಳು ಕಿವಿಯಿಂದ ಕೆಳಗಿಳಿದಿದ್ದವು.

"ಇಪ್ಪತ್ತೇಳು" ಎಂದರು ಪಾಸ್ಕ್. "ಫಿಲಿಷ್ಟಿಯರ ಪಾಳುಗುಡಿ. ಎರಡು ಕಂಬಗಳು."

ತೆರೆಯ ಮೇಲೆ ಎರಡು ಬಿಳಿಯ ಕಂಬಗಳು ಮೂಡಿದವು, ಇನ್ನೂ ಮಸುಕಾಗಿ. ಬುಡದಲ್ಲಿ ಮರಳೋ ನೊರೆಯೋ ತಿಳಿಯದ ರಾಶಿ.

"ಪ್ರೀ-ಯರೇ! ಫಿಲಿಷ್ಟಿಯರ ಕೈಗೆ ಸಿಕ್ಕಿ ಕಣ್ಣು ಕೀಳಿಸಿಕೊಂಡ ಮಹಾಬಲಿ ಸಂಸೋನ ಇಂಥವೇ ಎರಡು ಕಂಬಗಳನ್ನು ತಬ್ಬಿ ನೂಕಿ ಗುಡಿಯನ್ನೇ ತನ್ನ ಶತ್ರುಗಳ ತಲೆಯ ಮೇಲೆ ಕೆಡವಿದ. ನೋಡಿ, ಎಷ್ಟು ಶತಮಾನದ ಗಾಳಿ ಮಳೆ! ಆದರೂ ಹೇಗೆ ನಿಂತಿವೆ!"

ಕ್ರೇಕ್ ಉಸಿರು ಹಿಡಿದ. ಯಾರಿಗೂ ತಿಳಿಯುವ ಮೊದಲು ಅವನಿಗೆ ತಿಳಿದಿತ್ತು. ಬೆಳಿಗ್ಗೆಯೇ ಅವುಗಳನ್ನು ಹೊದಿಕೆಯ ತುದಿಯಲ್ಲಿ ಕಂಡಿದ್ದನಲ್ಲ. ಹಿಂದೆ ಪೆಟ್ಟಿಗೆಯ ಮಸೂರವನ್ನು ತಿರ್ಜಾ ಕೂದಲೆಳೆಯಷ್ಟು ತಿರುಗಿಸಿದಳು.

"ಕಾಲಾಂತರದಲ್ಲಿ ಕಂಬಗಳ ಮೈತುಂಬ ಒಣಬಳ್ಳಿ ಹಬ್ಬಿದೆ" ಎಂದರು ಪಾಸ್ಕ್, ಕೋಲಿನಿಂದ ಮೀನಖಂಡದ ರೋಮಗಳನ್ನು ನೇವರಿಸುತ್ತ. "ಇಲ್ಲಿ ನೋಡಿ, ಮೂರು ಗೆರೆ. ಪ್ರಾಚೀನ ಕಲ್ಲುಕುಟಿಗರು ಅಳತೆಗೆ ಎಳೆದದ್ದು. ಎಂಥ ಶ್ರದ್ಧೆ!" ಇನ್ನೊಂದು ಕೂದಲೆಳೆ. "ಶಿಖರದಲ್ಲಿ ಶಿಲ್ಪಿಯ ಕೈಚಳಕ. ಒಂದೊಂದು ಕಂಬಕ್ಕೂ ಐದೈದು ಎಸಳು."

"ಕೊನೇ ಎಸಳಿಗೆ ಆಣಿ ಪಟ್ಟಿ ಕಟ್ಟಿದಾರೆ ಸ್ವಾಮಿ" ಎಂದಿತು ಕತ್ತಲಲ್ಲೊಂದು ಮುದಿ ಧ್ವನಿ.

ಸಭೆಯಲ್ಲಿ ಮೂಗುಗಳು ಸಿಡಿಯತೊಡಗಿದವು. ಚಾಪೆಲಿನಲ್ಲಿ ನಗಬಾರದು, ಬಾಯಿ ಮುಚ್ಚಿಕೊಂಡವರಿಗೆ ಕಿವಿಯಿಂದ ನಗು ಬರುವಂತಾಯಿತು. ಪಾಸ್ಕ್ ಕನ್ನಡಕ ಹುಡುಕಿ ಏರಿಸಿ, ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದರು. ಈಗ ಚಿತ್ರ ಅಚ್ಚುಕಟ್ಟಾಗಿ ಕೂತಿತ್ತು: ಅಂಗಾತ ಬಿದ್ದ ಒಬ್ಬ ದೊಡ್ಡ ಮನುಷ್ಯ, ಆಕಾಶಕ್ಕೆ ಎದ್ದ ಎರಡು ಬತ್ತಲೆ ಕಾಲು, ಪಕ್ಕದಲ್ಲಿ ತೇಲುವ ಟೋಪಿ, ನೊರೆಯ ಒಂದೊಂದು ಗುಳ್ಳೆಯೂ ಎಣಿಸುವಷ್ಟು ಸ್ಪಷ್ಟ. ಕಾಲುಗಳ ನಡುವೆ ಮುಖ. ಮುಖದ ಜಾಗದಲ್ಲಿ ಮಾತ್ರ ಒಂದು ಬಿಳಿಯ ಮಬ್ಬು, ನಡುವೆ ಒಂದು ಕಪ್ಪು ಗುಳಿ.

"ಯಾರಿದು ನಿರ್ಲಜ್ಜ?" ಎಂದು ಗುಡುಗಿದರು ಪಾಸ್ಕ್.

ಕ್ರೇಕ್‌ಗೆ ಮೊದಲು ಬಂದದ್ದು ಬಿಡುಗಡೆ. ಮುಖವಿಲ್ಲ! ಅಲುಗಿಬಿಟ್ಟಿದ್ದೇನೆ! ನಾಲ್ಕು ದಿನದಿಂದ ತಾನು ಹೆದರಿದ್ದು ಈ ಮಬ್ಬಿಗೆ. ಇದು ಯಾರೂ ಆಗಬಹುದು. ಸುಮ್ಮನೆ ಕೂತರಾಯಿತು, ಸೋಮವಾರ ಸುತ್ತಿಗೆ ಎತ್ತಿ ಕುಟ್ಟಿದರಾಯಿತು. ಅವನು ಪಾದಗಳನ್ನು ಕುರ್ಚಿಯ ಕೆಳಗೆ ಎಳೆದುಕೊಂಡ.

"ಪ್ರಿಂಗಲ್ ಇರ್ಬೇಕು" ಎಂದರು ಯಾರೋ. "ಗಾತ್ರ ನೋಡಿ."

ಪ್ರಿಂಗಲ್ ಎಚ್ಚರಾಗಿ, "ನಾನಾ? ಎಲ್ಲಿ? ಯಾವಾಗ?" ಎಂದ. ಅವನ ಹೆಂಡತಿ ಎದ್ದು ನಿಂತಳು, ಟೋಪಿಯ ಮೇಲಿನ ಕೃತಕ ಚೆರಿಹಣ್ಣುಗಳು ತೆರೆಗೆ ನೆರಳು ಹೊಡೆದವು. "ಇಪ್ಪತ್ತಾರು ವರ್ಷ ಸಂಸಾರ ಮಾಡಿದೀನಿ. ಇವರ ಕಾಲು ಹೀಗಿಲ್ಲ. ಇವರದ್ದು ಬಿಲ್ಲು. ನಡುವೆ ಹಂದಿ ನುಗ್ಗಿದ್ರೂ ತಗಲಲ್ಲ."

ಅಲ್ಲಿಂದ ಶುರುವಾಯಿತು. ಸ್ಕೆಲ್ಬಿಯ ಹೆಂಡಂದಿರು ಒಬ್ಬೊಬ್ಬರಾಗಿ, ಮಾನ ಉಳಿಸಲೆಂದು, ತಂತಮ್ಮ ಗಂಡಂದಿರ ಕಾಲುಗಳಿಗೆ ಸಾಕ್ಷಿ ನುಡಿದರು. "ನಮ್ಮವರಿಗೆ ಅಷ್ಟು ಕೂದಲಿಲ್ಲ." "ನಮ್ಮವರ ಹೆಬ್ಬೆರಳು ಆ ಕಡೆ ನೋಡುತ್ತೆ." ಕತ್ತಲಲ್ಲಿ ಊರಿನ ಗಂಡಸರೆಲ್ಲ ಮೊಣಕಾಲಿನವರೆಗೆ ಬತ್ತಲಾದರು. "ಅಲ್ಲ, ಆ ಗೆರೆ ನೋಡ್ರೇ" ಎಂದಳು ಪ್ರಿಂಗಲ್‌ನ ಹೆಂಡತಿ, ಕಣ್ಣು ಕಿರಿದು ಮಾಡಿ. "ದರ್ಜಿ ಸುಣ್ಣದಲ್ಲಿ ಎಳೆದ ಹಾಗಿದೆ." ಸಾಕ್ಷಿಗಳು ಸಾಲು ಹಿಡಿದು ಮುಂದೆ ಬಂದು ಮೊದಲ ಸಾಲಿನಲ್ಲಿ ನಿಂತುಹೋದವು. ಅಲ್ಲಿ ಒಬ್ಬನ ಪಕ್ಕದ ಕುರ್ಚಿ ಖಾಲಿ. ಅವನ ಪರವಾಗಿ, ಇವು ಅವನವಲ್ಲ ಎಂದು ಹೇಳುವವರು ಯಾರೂ ಇರಲಿಲ್ಲ.

ಪಾಸ್ಕ್ ಇದನ್ನು ಗಮನಿಸಲಿಲ್ಲ. ಕೋಲನ್ನು ಬೆಳಕಿನ ಪೆಟ್ಟಿಗೆಯತ್ತ ಚಾಚಿದರು. "ಏ ಹೆಂಗಸೇ, ಈ ಹೊಲಸನ್ನ ತಂದವಳು ನೀನು. ಇವನ ಹೆಸರು ಹೇಳು. ಇಲ್ಲದಿದ್ದರೆ ಈ ಚಾಪೆಲಿಂದಲೂ ಹೋಗು, ದಂಡೆಯಿಂದಲೂ ಹೋಗು."

"ಮುಖ ಬಂದಿಲ್ಲ ಸ್ವಾಮಿ" ಎಂದಳು ತಿರ್ಜಾ, ನಿಧಾನವಾಗಿ. "ಅಲುಗಿದಾರೆ. ಅಲುಗಿದವರ ಹೆಸರು ನಾನು ಹೇಳೋದಿಲ್ಲ. ನಮ್ಮ ಕಸುಬಲ್ಲಿ ಹಾಗಿಲ್ಲ."

ಹೇಳಿಬಿಡಬಹುದಿತ್ತು ಅವಳು. ಇಡೀ ದಿನ ಅವನು ಹೆದರಿದ್ದು ಅದಕ್ಕೇ, ಆದರೆ ಅವಳು ಹೇಳಲಿಲ್ಲ. ಈಗ ಅವಳು ತನ್ನ ಗೂಡು, ಹಲಗೆ, ಮೊಳೆಗಳ ಸಮೇತ ಹೊರಟುಹೋಗುತ್ತಾಳೆ, ಅವನ ಕುರ್ಚಿ ಉಳಿಯುತ್ತದೆ. ಬಾಯಿ ಮುಚ್ಚಿಕೊಂಡಿರುವುದಷ್ಟೇ ಕೆಲಸ. ಆರು ಎಣಿಸುವಷ್ಟು ಹೊತ್ತು ಮುಖ ನೆಟ್ಟಗೆ ಇಟ್ಟುಕೊಂಡರೆ ಸಾಕು. ಅವನು ತೆರೆಯನ್ನು ನೋಡಿದ. ಖಾಲಿ ಕುರ್ಚಿಯಲ್ಲಿ ಡೋರ್ಕಸ್ ಕೂತಿದ್ದರೆ ಮಸೂರ ತಿರುಗಿಸುವ ಮೊದಲೇ ಗುರುತು ಹಿಡಿಯುತ್ತಿದ್ದಳು. ಎರಡು ವರ್ಷದ ಚಳಿಗಾಲಗಳಲ್ಲಿ ತನ್ನ ತಣ್ಣಗಿನ ಪಾದಗಳನ್ನು ಇದೇ ಕಂಬಗಳ ನಡುವೆ ತೂರಿಸಿ, ಅವನು ಕಿರುಚಿದರೆ ಸಂತೋಷಪಡುತ್ತಿದ್ದವಳು. ಎದ್ದು ನಿಂತು ಏನೆನ್ನುತ್ತಿದ್ದಳು? ಇವು ನಮ್ಮವರದ್ದಲ್ಲ ಎನ್ನುತ್ತಿದ್ದಳೇ? ನಗುವಿನಲ್ಲಿ ಎದ್ದು ನಿಲ್ಲಲು ಆಗುತ್ತಿದ್ದರೆ ತಾನೇ. ಎದುರಿಗೆ ಆ ಮಬ್ಬು, ಹತ್ತೊಂಬತ್ತು ವರ್ಷದ ಹಿಂದೆ ಬೇಡವೆಂದು ಬಿಟ್ಟುಬಂದ ಅದೇ ಮಬ್ಬು, ಅದೇ ಕಪ್ಪು ಗುಳಿ, ಸೌತೆ ಪಾತಿಯಿಂದ ಎದ್ದು ಬಂದು ಅವನದೇ ಎರಡು ಕಾಲುಗಳ ನಡುವೆ ಕೂತಿತ್ತು. ಡೋರ್ಕಸ್ ಅವನನ್ನು ನೋಡಿ ನಕ್ಕಿರಲಿಲ್ಲ. ಯಾರನ್ನೂ ನೋಡಿ ನಕ್ಕಿರಲಿಲ್ಲ. ಅವಳಿಗೂ ಒಂದು ಅಲೆ ಹೊಡೆದಿತ್ತು, ಅಷ್ಟೆ.

ಮೊದಲು ಅವನ ಹೊಟ್ಟೆ ಅಲುಗಿತು. ಅವನು ಎರಡೂ ಕೈಗಳಿಂದ ಅದನ್ನು ಒತ್ತಿ ಹಿಡಿದ. ಕೈಗಳೂ ಅಲುಗಿದವು. ಮೀಸೆಯ ಕೆಳಗಿಂದ ಒಂದು ಹೂ-ಹೂ ಹೊರಟಿತು, ತುಕ್ಕು ಹಿಡಿದದ್ದು, ಯಾರೂ ಕೇಳಿರದಿದ್ದದ್ದು. ಸಭೆಯ ತಲೆಗಳೆಲ್ಲ ಒಮ್ಮೆಗೇ ಬಾಗಿಲಿನತ್ತ ತಿರುಗಿದವು.

"ಕತ್ತೆ ಒಳಗೆ ಬಂತಾ?" ಎಂದ ಪ್ರಿಂಗಲ್.

"ನ-ನನ್ನವು" ಎಂದ ಒಬಡೈಯ ಕ್ರೇಕ್, ಕಣ್ಣಲ್ಲಿ ನೀರು ಸುರಿಸುತ್ತ, ಎದ್ದು ನಿಂತು, ಷರಾಯಿಯನ್ನು ಎರಡೂ ಕೈಯಲ್ಲಿ ಮೇಲೆಳೆದು. ಕಾಲುಚೀಲದ ಮೇಲುಗಡೆ, ಮೂರು ಸಲ ಸೋಪು ಹಾಕಿ ತಿಕ್ಕಿದರೂ ಹೋಗದ ಮೂರನೆಯ ಗೆರೆ ಬೆಳಕಿನ ಪೆಟ್ಟಿಗೆಯ ಕಿರಣದಲ್ಲಿ ನೀಲಿಯಾಗಿ ಹೊಳೆಯಿತು. "ನನ್ನವೇ ಕಣ್ರೋ! ಸಂಸೋನನದ್ದಲ್ಲ, ನನ್ನವು!"

"ಅಲುಗಬೇಡಿ ಯಜಮಾನ್ರೇ!" ಎಂದು ಕೂಗಿದಳು ಹಿಂದಿನಿಂದ ತಿರ್ಜಾ, ಹಳೆಯ ಮಹಡಿಯ ಧ್ವನಿಯಲ್ಲಿ. "ಉಸಿರು ಹಿಡೀರಿ! ಒಂದು... ಎರಡು..."

ಮೂರಕ್ಕೆ ಪಾಸ್ಕ್ ಅವರ ಕೋಲು ಕೆಳಗೆ ಬಿತ್ತು. ಚೆರಿಹಣ್ಣುಗಳು ಕುಣಿದವು, ಪ್ರಿಂಗಲ್‌ನ ಹೊಟ್ಟೆ ಅವನಿಗಿಂತ ಮುಂಚೆ ನಕ್ಕಿತು, ಹೆಪ್ಸಿ ಬಾಗಿಲ ಬಳಿಯಿಂದ "ಸಿಗಡಿ! ಸಿಗಡಿ!" ಎಂದು ಕಿರುಚಿದಳು, ಚಾಪೆಲಿನ ಛಾವಣಿ ನಿಜಕ್ಕೂ ಫಿಲಿಷ್ಟಿಯರ ತಲೆಯ ಮೇಲೆ ಬೀಳುವಂತಾಯಿತು. ಅದೆಲ್ಲದರ ಮೇಲೆ, ಎಲ್ಲರಿಗಿಂತ ಜೋರಾಗಿ, ಖಾಲಿ ಕುರ್ಚಿಯ ಬೆನ್ನನ್ನು ಬಿದ್ದುಹೋಗದಂತೆ ಹಿಡಿದುಕೊಂಡು, ಹೂ-ಹೂ, ಹೂ-ಹೂ.